ಪೂಜೆಗಿಟ್ಟ ವೀಣೆ

ಅಮ್ಮನ ವೀಣೆಯನ್ನು ಕಲ್ಯಾಣದುರ್ಗದ ಆ ಪುಟ್ಟ ಮ್ಯೂಸಿಯಮ್ಮಿಗೆ ಕೊಡೋಣ ಅಂದವಳು ನಾನೇ. ಹಿಂದೂಪುರದ ನಮ್ಮ ಹುಣಸೆಹಣ್ಣಿನ ಮಂಡಿಯ ಮೇಲಿನ ಕೋಣೆಯಲ್ಲಿ ಅದು ಬೇಸಿಗೆಯ ಕಾವಿಗೆ ಮೇಣ ಮೆತ್ತಗಾಗಿ, ಹಿತ್ತಾಳೆಯ ಮೆಟ್ಟುಗಳೆಲ್ಲ ವಾಲಿಕೊಂಡು ಬಿದ್ದಿತ್ತು. ಅಲ್ಲಾದರೆ ಗ್ಲಾಸ್ ಕೇಸು, ಎಸಿ, ‘ಮುಟ್ಟಬೇಡಿ’ ಎಂಬ ಬೋರ್ಡು. ಕಾನ್ವೆಂಟಿನ ಸಿಸ್ಟರ್‌ಗಳ ಕೈಕೆಳಗೆ ಬೆಳೆದ ನನಗೆ ಇಂಥ ಬೋರ್ಡುಗಳೆಂದರೆ ಒಂಥರಾ ಭಕ್ತಿ.

ಕೊಟ್ಟೂ ಆಯಿತು. ಅಕ್ಕನಿಗೆ ಮಾತ್ರ ಸರಿಬರಲಿಲ್ಲ. ಅಮ್ಮನ ಪಕ್ಕ ಕೂತು ವೀಣೆ ಕಲಿತವಳು ಅವಳು. ನಾನು ಆಗ ಬೋರ್ಡಿಂಗಿನಲ್ಲಿ ಪಿಯಾನೊ ಕುಟ್ಟುತ್ತಿದ್ದೆ.

“ನುಡಿಸ್ದೇ ಇರೋ ವೀಣೆ ಸೌದೆ ಕಣೇ,” ಎನ್ನುತ್ತಿದ್ದಳು.

“ನುಡಿಸಿದ್ರೆ ಒಡೆದೇ ಹೋಗುತ್ತೆ. ಡೆಲಿಕೇಟ್ ಪೀಸ್ ಅದು,” ಎಂದು ನಾನು.

ಅವಳ ಬೆರಳ ಗಂಟುಗಳು ವರ್ಷದಿಂದ ವರ್ಷಕ್ಕೆ ಬಿಗಿಯುತ್ತಿದ್ದವು. ಅವು ಪೂರ್ತಿ ಸ್ಟ್ರೈಕ್ ಹೂಡುವ ಮುಂಚೆ ಅಮ್ಮನ ವೀಣೆಯನ್ನು ಒಮ್ಮೆ ನುಡಿಸಬೇಕು, ಅಷ್ಟೇ ಅವಳ ಆಸೆ. ಕ್ಯುರೇಟರಿಗೆ ಫೋನು ಮಾಡಿದಾಗಲೆಲ್ಲ “ಸಾರಿ ಅಮ್ಮಾ” ಎಂಬ ಉತ್ತರ.

ಕಳೆದ ದಸರೆಯಲ್ಲಿ, ಆಯುಧಪೂಜೆಯ ಸಂಜೆ, ಆ ಕ್ಯುರೇಟರೇ ವಾಟ್ಸಾಪಿನಲ್ಲಿ ಒಂದು ಫೋಟೊ ಕಳಿಸಿದರು. ಕೇಸಿನ ಬಾಗಿಲು ತೆರೆದಿತ್ತು. ತಂಬೂರಿ, ಡೋಲು, ನಮ್ಮ ವೀಣೆ, ಎಲ್ಲಕ್ಕೂ ಚೆಂಡುಹೂವು, ಅರಿಶಿನ, ಕುಂಕುಮ. ಎಸಿಗೂ ಒಂದು ಬೊಟ್ಟು. ನಾನು “ಲವ್ಲಿ!” ಎಂದೆ. ಅಕ್ಕ ಕನ್ನಡಕ ಏರಿಸಿ ನೋಡಿದವಳೇ ಎದ್ದು ನಿಂತಳು.

“ಸಿಕ್ಕಾಕ್ಕೊಂಡ ಕಣೇ! ಪೂಜೆಗಿಟ್ಟ ಪುಸ್ತಕಾನ ಮಾರನೇ ದಿನ ಒಂದ್ ಸಾಲಾದ್ರೂ ಓದ್ಬೇಕು. ವಾದ್ಯಾನೂ ಹಂಗೇ. ನಾಳೆ ಯಾರು ನುಡಿಸ್ತಾರೆ, ಆ ಎಸಿನಾ? ನಾನು ಫಸ್ಟ್ ಬಸ್ಸಿಗೆ ಹೋಯ್ತೀನಿ. ನೀನು ಬತ್ತೀಯೋ ಇಲ್ವೋ?”

ಎರಡು ಬಸ್ಸು, ಒಂದು ಶೇರ್ ಆಟೊ ಬದಲಿಸಿ ಹೋದೆವು. ಕ್ಯುರೇಟರು ಬಂದವರಿಗೆಲ್ಲ ಪ್ರಸಾದದ ಮಂಡಕ್ಕಿ ಹಂಚುತ್ತಿದ್ದರು. ಅಕ್ಕ ವಿಷಯ ಹೇಳಿದ್ದೇ ತಡ, ಕೈಮುಗಿದುಬಿಟ್ಟರು.

“ಅಮ್ಮಾ, ವದ್ದಮ್ಮಾ, ಬ್ಯಾಡ! ಕೊಡದ ಹತ್ರ ಸೀಳು ಬಿಟ್ಟೈತೆ. ತಂತಿ ಬಿಗಿದ್ರೆ ಎರಡು ಹೋಳಾಯ್ತದೆ.”

“ಮತ್ತೆ ಕುಂಕುಮ ಯಾಕಪ್ಪ ಇಕ್ಕಿದ್ದು? ನಿನ್ನ ಕಂಪ್ಯೂಟರ್‌ಗೂ ಇಕ್ಕಿದ್ದೀಯ. ಇವತ್ತು ಅದನ್ನ ಆನ್ ಮಾಡಿಲ್ವಾ?”

ಕಂಪ್ಯೂಟರಿನಲ್ಲಿ ಕ್ರಿಕೆಟ್ ಸ್ಕೋರು ಓಡುತ್ತಿತ್ತು. ಪಾಪ, ಅವರು ನನ್ನತ್ತ ನೋಡಿದರು. “ಮೇಡಂ, ನೀವಾದ್ರೂ ಹೇಳಿ.”

“ಅಕ್ಕ, ಬಿ ರೀಸನಬಲ್,” ಎಂದೆ. ಅವಳು ಆಗಲೇ ಚಪ್ಪಲಿ ಕಳಚಿ ಜಮಖಾನದ ಮೇಲೆ ಕೂತಿದ್ದಳು.

ಕೊನೆಗೆ ರಾಜಿಯಾಯಿತು: ಎರಡೇ ತಂತಿ, ತಗ್ಗಿಸಿದ ಶ್ರುತಿ, ಸರಳೆವರಸೆ ಒಂದೇ ಸಲ. ಕ್ಯುರೇಟರು ಸೀಳಿನ ಮೇಲೆ ಅಂಗೈ ಇಟ್ಟು, ಮಗುವಿನ ಜ್ವರ ನೋಡುವವರಂತೆ ಕೂತರು. ಅಕ್ಕ ಮೀಟಿದಳು. ವಾಲಿದ ಮೆಟ್ಟಿನ ಮೇಲೆ ಮಧ್ಯಮ ಎತ್ತಲೋ ಜಾರಿತು. ಆದರೂ ಅಮ್ಮ ನುಡಿಸುತ್ತಿದ್ದಾಗಿನ ಅದೇ ಗೊಗ್ಗರು ದನಿ. ರಜೆಗೆ ಬಂದ ನಾನು ಜಟಕಾದಿಂದ ಟ್ರಂಕು ಇಳಿಸುವ ಮುಂಚೆಯೇ, ಹಮಾಲರ ಕೂಗಾಟ ದಾಟಿ ಮಂಡಿಯ ಮೇಲಿನಿಂದ ಕೇಳಿಬರುತ್ತಿದ್ದದ್ದು. ಇಷ್ಟು ವರ್ಷ ಅದು ನನಗೆ ನೆನಪೇ ಆಗಿರಲಿಲ್ಲ.

“ಮರ ಅದುರ್ತೈತೆ ಅಮ್ಮಾ,” ಎಂದು ಕ್ಯುರೇಟರು ಪಿಸುಗುಟ್ಟಿದರು. ಅಕ್ಕ ತಂತಿಯಿಂದ ಕೈ ಎತ್ತಿದಳು.

“ಇನ್ನೊಂದೇ ಸಲ, ಅಕ್ಕ. ಪ್ಲೀಸ್,” ಎಂದವಳು ನಾನು!

“ಸುಮ್ನಿರೇ. ನುಡಿಸಿದ್ದಾಯ್ತು, ಕೇಳಿದ್ದಾಯ್ತು. ಇನ್ನೂ ಆಸೆಬಿದ್ರೆ ಒಡ್ದೋಯ್ತದೆ,” ಎನ್ನುತ್ತ ತಾನೇ ಬಿರಡೆ ತಿರುಗಿಸಿ ತಂತಿಗಳನ್ನು ಸಡಿಲಿಸಿದಳು, ಸೆರಗಿನಿಂದ ಕೊಡವನ್ನು ಒರೆಸಿದಳು.

ಕ್ಯುರೇಟರು ವೀಣೆಯನ್ನು ಕೇಸಿನೊಳಗೆ ಮಲಗಿಸಿ ಬಾಗಿಲು ಎಳೆಯುವಷ್ಟರಲ್ಲಿ ನಾನು “ಜಸ್ಟ್ ಎ ಮಿನಿಟ್” ಎಂದು ಕೈ ಒಳಗೆ ಹಾಕಿ ಒಂದು ತಂತಿ ಮೀಟಿದೆ. ಬೊಂಯ್ ಎಂದು ಏನೋ ಬಂತು. ಅಮ್ಮನ ದನಿಯಲ್ಲ, ಯಾರ ದನಿಯೂ ಅಲ್ಲ.

“ಸಡಿಲಿಸಿದ್ಮ್ಯಾಲೆ ಮೀಟೋಕೆ ಬಂದ್ಲು ನೋಡಪ್ಪ, ದೊರೆಸಾನಿ!” ಎಂದು ಅಕ್ಕ ನಕ್ಕಳು.