ಗುಂಡು ಮೂಲೆಯ ಗುಳಿಗೆ

ಮೊನ್ನೆ ಟ್ರಂಕು ತೆಗೆದಾಗ ಅವ್ವನ ಹಳೆಯ, ಬೆಳ್ಳಿಹಾಳೆಯ ಗುಳಿಗೆ ಪಟ್ಟಿಯೊಂದು ಸಿಕ್ಕಿತು. ಮೂಲೆಗಳನ್ನು ಕತ್ತರಿಯಿಂದ ಗುಂಡಗೆ ಮಾಡಿದ್ದರು. ನೋಡಿದ್ದೇ ತಡ, ನಮ್ಮ ಆಸ್ಪತ್ರೆಯ ಔಷಧ ಕೌಂಟರಿನ ಕಾಕಾ ನೆನಪಾದರು.

ನಾನಾಗ ಇಳಕಲ್ ಕಡೆಯ ಒಂದು ಆಸ್ಪತ್ರೆಯಲ್ಲಿ ಗುತ್ತಿಗೆ ನರ್ಸ್. ಓದಲು ಬಾರದ ಮುದುಕಿಯರಿಗೆ ಕಾಕಾ ಬೆಳಗಿನ ಪಟ್ಟಿಗೆ ಗುಂಡು ಮೂಲೆ, ರಾತ್ರಿಯದಕ್ಕೆ ಚೂಪು ಮೂಲೆ ಕತ್ತರಿಸಿ ಕೊಡುತ್ತಿದ್ದರು. “ಕೈ ಆಡಿಸಿ ನೋಡಬೇ ಯವ್ವಾ, ಗುಂಡ ಇದ್ದದ್ದು ಮುಂಜಾನಿ,” ಎಂದು ಕಣ್ಣು ಮುಚ್ಚಿಸಿ ಪರೀಕ್ಷೆ ಮಾಡಿಯೇ ಕಳಿಸುವರು. ಸಾಲಿನಲ್ಲಿ ಯಾರಾದರೂ ಗೊಣಗಿದರೆ ಅವರಿಗೆ ಸರಿಯಾಗಿ ಬೈಗುಳ ಬೀಳುತ್ತಿತ್ತು.

ಆಮೇಲೆ ಯಂತ್ರ ಬಂತು. ಗುಂಡಿ ಒತ್ತಿದರೆ ಹೆಸರು, ಹೊತ್ತು ಅಚ್ಚಾದ ಪೊಟ್ಟಣಗಳು ಬೀಳುತ್ತಿದ್ದವು, ಎಲ್ಲ ಒಂದೇ ಅಳತೆ. ಉಳಿದ ದಾಸ್ತಾನನ್ನೂ ಅದೇ ಎಣಿಸುತ್ತಿತ್ತು. ತಪ್ಪು ಗುಳಿಗೆ ಕೊಡುವ ಭಯ ಹೋಯಿತೆಂದು ಕಾಕಾ ಕೂಡ ಹಿಗ್ಗಿದರು. ಆದರೆ ಕತ್ತರಿ ಬಿಡಲಿಲ್ಲ, ಪೊಟ್ಟಣದ ಅಂಚಿಗೂ ಆಡಿಸಿದರು. ಆಸ್ಪತ್ರೆಯ ಮೇಲಧಿಕಾರಿ ಸಾಹೇಬರು ಕೆಂಡವಾದರು. ಕತ್ತರಿ ತಾಗಿದ ಪೊಟ್ಟಣ ಹಾಳಾದ ಪೊಟ್ಟಣವಂತೆ!

“ಅದರ ಮ್ಯಾಲ ಬರದೈತಲ್ರಿ!” ಎಂದು ಸಾಹೇಬರು ಕೂಗಾಡಿದರು.

“ಓದಾಕ ಬರಬೇಕಲ್ರಿ ಸಾಹೇಬ್ರ,” ಎಂದರು ಕಾಕಾ.

ಕಾಕಾ ಔಷಧ ಹಾಳು ಮಾಡುತ್ತಾರೆಂದು ಸಾಹೇಬರು ನನ್ನಿಂದ ಬರೆಸಿಕೊಂಡರು. ಕೆಲಸ ಹೋದೀತೆಂದು ಹೆದರಿ ಬರೆದುಕೊಟ್ಟೆ. ಕಾಕಾರನ್ನು ಕೌಂಟರಿನಿಂದ ಎಬ್ಬಿಸಿ ಗೋದಾಮಿಗೆ ಹಾಕಿದರು. “ನೀನೂ ಬರದ ಕೊಟ್ಟಿಯಂತಲ್ಲ, ತಂಗಿ,” ಎಂದರು ಕಾಕಾ, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು...

ಮುಂದಿನ ತಿಂಗಳೇ ಸೀರೆ ನೇಯುವ ಅಜ್ಜಿಯೊಬ್ಬಳನ್ನು ಹೊತ್ತು ತಂದರು. ಪೊಟ್ಟಣಗಳ ಗುರುತು ಹತ್ತದೆ, ಬೆಳಗಿನ ಸಕ್ಕರೆ ಕಾಯಿಲೆಯ ಗುಳಿಗೆಯನ್ನೇ ರಾತ್ರಿಯೂ ನುಂಗಿ ಮಲಗಿದ್ದಳು, ರಕ್ತದ ಸಕ್ಕರೆ ತೀರ ಇಳಿದಿತ್ತು. ಗ್ಲೂಕೋಸ್ ಏರಿಸಿದೆವು. ಕಣ್ಣು ತೆರೆಯಲಿಲ್ಲ. ಯಂತ್ರ ಕೊಟ್ಟದ್ದು ಸರಿ, ದಾಸ್ತಾನು ಸರಿ, ತಪ್ಪು ಅಜ್ಜಿಯದೇ ಎಂದು ಸಾಹೇಬರು ವರದಿ ಬರೆದರು. ಥೂ! ಸತ್ತವಳ ತಲೆಗೆ ಕಟ್ಟಿ ಕೈತೊಳೆದುಕೊಂಡರು. ಯಂತ್ರಕ್ಕೆ ಏನೆಂದು ಬೈಯಲಿ? ಅದು ಹೇಳಿದ್ದನ್ನು ಮಾಡಿತು. ಒಂದು ಮೂಲೆ ಕತ್ತರಿಸಲು ಬಿಡದವರು ಮನುಷ್ಯರು.

ನಿವೃತ್ತರಾಗಿ ಹುನಗುಂದ ಸೇರಿದ್ದ ಕಾಕಾ ಹೋದ ವರ್ಷ ತೀರಿಕೊಂಡರು. ತಪ್ಪಾಯಿತು ಎನ್ನಲು ಇಂದು ಹೋದೇನು, ನಾಳೆ ಹೋದೇನು ಎಂದು ದಿನ ದೂಡಿದೆ. ಬಸ್ಸಿಗೆ ಅದೇನು ಮಹಾ ದೂರದ ದಾರಿಯೇ! ನಾನೀಗ ಅದೇ ಆಸ್ಪತ್ರೆಯಲ್ಲಿ ಕಾಯಂ ಸಿಸ್ಟರ್. ಅಜ್ಜಿಯದೇ ತಪ್ಪು ಎಂದ ಆ ವರದಿಯ ಕೆಳಗೆ ಸಾಕ್ಷಿಯೆಂದು ಸಹಿ ಹಾಕಿದವಳೂ ನಾನೇ.