ಸತ್ತ ಆಮೆಯ ಸಿಗ್ನಲ್

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಆ ರಾತ್ರಿ ನನ್ನ ಅಕ್ಕನ ಗಂಡ ಪಕ್ಕದಲ್ಲೇ ಕೂತಿದ್ದರು. ದೇವರ ಮುಂದೆ ನಿಲ್ಲಿಸಿ ಕೇಳಿದರೂ ಅವರು ಇದನ್ನೇ ಹೇಳುತ್ತಾರೆ.

ಕಡಲಾಮೆಗಳು ಎಲ್ಲಿಗೆ ಹೋಗುತ್ತವೆ ಎಂದು ನೋಡುವುದು ನನ್ನ ಕೆಲಸ. ಅದೂ ಶಿವಮೊಗ್ಗದ ವಿನೋಬನಗರದ ಮನೆಯಲ್ಲಿ, ಕಂಪ್ಯೂಟರ್ ಮುಂದೆ ಕೂತು. ತೀರದಲ್ಲಿ ಆಮೆಯ ಚಿಪ್ಪಿಗೆ ಒಂದು ಟ್ಯಾಗ್ ಅಂಟಿಸುತ್ತಾರೆ. ಆಮೆ ಉಸಿರಾಡಲು ನೀರಿನ ಮೇಲೆ ಬಂದಾಗ ಅದರಿಂದ ಉಪಗ್ರಹಕ್ಕೆ ಸಿಗ್ನಲ್ ಹೋಗುತ್ತದೆ. ನನ್ನ ನಕ್ಷೆಯಲ್ಲಿ ಒಂದು ಚುಕ್ಕೆ ಮೂಡುತ್ತದೆ, ಮೊಬೈಲ್ ‘ಟಿಣ್’ ಎನ್ನುತ್ತದೆ.

ಹೋದ ವರ್ಷ ಒಂದು ಹೆಣ್ಣಾಮೆ ಬಲೆಗೆ ಸಿಕ್ಕಿ ಸತ್ತಿತು. ಮೀನುಗಾರರು ಅದರ ಟ್ಯಾಗ್ ಬಿಡಿಸಿ ಬಸ್ಸಿನಲ್ಲಿ ನನಗೆ ಕಳಿಸಿಕೊಟ್ಟರು. ಸ್ಟೀಲ್ ಡಬ್ಬಿಯಲ್ಲಿ ಹಾಕಿಟ್ಟೆ. ಆದರೂ ಆ ಆಮೆಯ ಚುಕ್ಕೆಗಳು ನಿಲ್ಲಲಿಲ್ಲ... ಡಬ್ಬಿ ನಮ್ಮ ಮನೆಯಲ್ಲಿ, ಚುಕ್ಕೆ ನಡುಸಮುದ್ರದಲ್ಲಿ. ದಿನೇ ದಿನೇ ದಕ್ಷಿಣಕ್ಕೆ ಸರಿಯುತ್ತಾ...

ಮೇಲಧಿಕಾರಿಗೆ ಫೋನ್ ಮಾಡಿ ಮಾಡಿ ಸಾಕಾಯಿತು.

“ಸಾರ್, ಅದು ಸತ್ತಿದೆ. ಟ್ಯಾಗ್ ನನ್ನ ಕೈಯಲ್ಲೇ ಇದೆ.”

“ಟ್ಯಾಗ್ ನಂಬರ್ ತಪ್ಪು ನೋಡಿರ್ತೀರ ಕಣಮ್ಮ. ಸಿಗ್ನಲ್ ಬರ್ತಿದೆಯಲ್ಲ, ಬದುಕಿದೆ ಅಂತ ಬರೀರಿ.”

ಫೋಟೊ ಕಳಿಸಿದೆ. ನೋಡಿದ ಮೇಲೂ ಅದೇ ಮಾತು. ವರದಿಯ ಕೆಳಗೆ ಬೀಳುವುದು ನನ್ನ ಹೆಸರು! ತಲೆ ಕೆಟ್ಟುಹೋಯಿತು. ಒಂದು ಸಂಜೆ ಡಬ್ಬಿ ಎತ್ತಿಕೊಂಡು ಭದ್ರಾವತಿ ಬಸ್ ಹತ್ತಿದೆ. ಭಾವ ಅಲ್ಲಿ ಮನೆಯಲ್ಲೇ ಟಿವಿ ರಿಪೇರಿ ಮಾಡುತ್ತಾರೆ.

“ಭಾವ, ಇದನ್ನ ಬಿಚ್ಚಿ ಹಾಕಿ. ಇವತ್ತಿಗೆ ಮುಗೀಲಿ.”

ಊಟವಾಯಿತು, ಅಕ್ಕ ಮಲಗಿದಳು. ಭಾವ ಟ್ಯಾಗ್ ಕೊಯ್ದರು. ಒಳಗೆ ಬ್ಯಾಟರಿ ಉಬ್ಬಿ, ಹಸಿರು ಕಿಲುಬು ಹಿಡಿದಿತ್ತು. ಅದನ್ನು ಕಿತ್ತು ಪಕ್ಕಕ್ಕಿಟ್ಟರು.

“ಕರೆಂಟೇ ಇಲ್ಲ ಮಾರಾಯ್ತಿ. ಇದೆಲ್ಲಿಂದ ಸಿಗ್ನಲ್ ಕೊಡುತ್ತೆ?”

ಆಗ ಕೇಳಿತು... ಹ್ಹಾ... ಒದ್ದೆಯಾದ, ಉದ್ದನೆಯ ಉಸಿರು. ಹಿಂದೆಯೇ ಪಾಚಿಯ, ಉಪ್ಪುನೀರಿನ ವಾಸನೆ.

ಟಿಣ್.

ಭಾವ ಪಿಸುಗುಟ್ಟಿದರು. “ನೀನಾ ಉಸಿರು ಬಿಟ್ಟಿದ್ದು?”

“ಅಲ್ಲ ಭಾವ...”

ಸ್ವಲ್ಪ ಹೊತ್ತಿಗೆ ಮತ್ತೆ. ಈ ಸಲ ಇಬ್ಬರಿಗೂ ಗೊತ್ತಾಯಿತು, ಸದ್ದು ಮೇಜಿನ ಮೇಲಿನಿಂದಲೇ ಬರುತ್ತಿತ್ತು.

ತಕ್ಷಣ ಸಾರ್‌ಗೆ ಫೋನ್ ಮಾಡಿದೆ. ಮಾತಾಡದೆ ಮೊಬೈಲನ್ನು ಟ್ಯಾಗಿನ ಹತ್ತಿರ ಹಿಡಿದೆ. ಹ್ಹಾ...

“ಯಾಕಮ್ಮ ಹಾಗೆ ಉಸಿರು ಬಿಡ್ತೀರಾ? ಹುಷಾರಿಲ್ವಾ? ಬೆಳಗ್ಗೆ ಮಾತಾಡೋಣ.” ಕಟ್ ಮಾಡಿದರು.

ಅಳು ಬಂತೋ, ಸಿಟ್ಟು ಬಂತೋ... “ಒಡೆದುಬಿಡಿ ಭಾವ!” ಎಂದೆ.

ಅವರು ಸುತ್ತಿಗೆ ಎತ್ತಿದರು. ಅದೇ ಹೊತ್ತಿಗೆ ಉಸಿರು ಒಳಗೆಳೆದುಕೊಂಡ ಸದ್ದು ಕೇಳಿತು... ಸುತ್ತಿಗೆ ಬಿತ್ತು. ಉಸಿರು ಬಿಟ್ಟ ಸದ್ದು ಕೇಳಲಿಲ್ಲ.

ಅಲ್ಲಿಂದೀಚೆಗೆ ಚುಕ್ಕೆ ಬಂದಿಲ್ಲ. ಸಾರ್‌ಗೆ ಈಗ ಆಮೆ ಸತ್ತ ತಾರೀಖು ಬೇಕಂತೆ! ಬಲೆಗೆ ಸಿಕ್ಕ ದಿನವನ್ನೇ ಬರೆಯಬೇಕು, ಅದೇ ನಿಜ. ಆದರೆ ಬರೆಯಲು ಕೂತರೆ ಕೈ ಏಳುವುದಿಲ್ಲ.

ಭಾವ ಫೋನ್ ಮಾಡಿದಾಗಲೆಲ್ಲ ಬೇರೆ ಏನೇನೋ ಮಾತಾಡಿ, ಇಡುವ ಮುಂಚೆ ದನಿ ತಗ್ಗಿಸಿ ಕೇಳುತ್ತಾರೆ: “ಅವತ್ತು ನಾವು ಒಡೆದಿದ್ದು ಏನನ್ನ?”