ದವಡೆಯಿಲ್ಲದ ಮೀನಿನ ಬಾಯಿ

ಇಂಥದ್ದನ್ನೆಲ್ಲ ನಾನು ನಂಬುವವಳಲ್ಲ. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತಳಾದವಳು. 'ಅದು ಹೇಗೋ ಮೊದಲೇ ಗೊತ್ತಾಯ್ತು' ಎನ್ನುವವರನ್ನು ಕಂಡರೆ ನಗು ಬರುತ್ತಿತ್ತು. ಈಗ ನೀವು ನಕ್ಕರೆ ನನಗೇನೂ ಬೇಸರವಿಲ್ಲ.

ಕೆಲವು ವರ್ಷಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿನಿ ಶುಭಾ ಒಂದು ಚಪ್ಪಟೆ ಕಲ್ಲನ್ನು ನಮ್ಮ ಗಿರಿನಗರದ ಮನೆಗೆ ತಂದಳು. ಅವಳ ಸಂಶೋಧನೆಯೆಲ್ಲ ಆ ಕಲ್ಲಿನ ಮೇಲೆ ನಿಂತಿತ್ತು. ಅದರಲ್ಲಿದ್ದದ್ದು ಲ್ಯಾಂಪ್ರೇ ಜಾತಿಯ, ಎಂದೋ ಅಳಿದುಹೋದ ಮೀನಿನ ಪಳೆಯುಳಿಕೆ. ಈ ಮೀನುಗಳಿಗೆ ದವಡೆಯಿಲ್ಲ, ಮೂಳೆಯೂ ಇಲ್ಲ. ಅಂಟಿಕೊಂಡು ಹೀರುವ ದುಂಡು ಬಾಯಿ ಮಾತ್ರ. ಮೂಳೆಯಿಲ್ಲದ್ದು ಬೇಗ ಕೊಳೆಯುವುದರಿಂದ ಕಲ್ಲಿನಲ್ಲಿ ಉಳಿಯುವುದೇ ಅಪರೂಪ. ಉಳಿದರೂ ಡಿಕಾಕ್ಷನ್ ಚೆಲ್ಲಿದಂಥ ಕಲೆ, ಅಷ್ಟೆ. ಈ ಕಲೆಯ ಎರಡು ತುದಿಗಳೂ ಕಲ್ಲಿನೊಳಗೆ ಹುದುಗಿದ್ದವು. ತಲೆ ಎಡಕ್ಕಿದೆ ಎಂದು ತೀರ್ಮಾನಿಸಿದವಳು ನಾನೇ. ಬಾಲವಿರುವ ಬಲತುದಿಯನ್ನು ಮರುದಿನ ಕತ್ತರಿಸಿ ಪರೀಕ್ಷೆಗೆ ಪುಡಿ ಮಾಡುವುದೆಂದು ಮಾತಾಗಿತ್ತು.

ಕಲ್ಲು ಮಹಡಿಯ ಕೋಣೆಯಲ್ಲಿತ್ತು, ಕೆಳಗೆ ಅಮ್ಮ. ಅವರಿಗೆ ಮರೆವಿನ ಕಾಯಿಲೆ. ಮಾತು ನಿಂತು ವರ್ಷವಾಗಿತ್ತು, ನಾನು ಯಾರೆಂದೂ ತಿಳಿಯುತ್ತಿರಲಿಲ್ಲ. ಒಂದೇ ಒಂದು ಸಲ ನನ್ನನ್ನು 'ಪದ್ದೂ' ಎಂದು ಕರೆಯಲಿ ಎಂದು ನಾನು ಹಂಬಲಿಸುತ್ತಿದ್ದೆ. ಜೀವನವಿಡೀ ರಂಗೋಲಿ ಹಾಕಿದ ಕೈ ಸುಮ್ಮನಿರಲಾರದೆ ಸೆರಗು ಕೀಳುತ್ತಿತ್ತು. ಅದಕ್ಕೇ ದಿನವೂ ತಟ್ಟೆಯಲ್ಲಿ ಅಕ್ಕಿಹಿಟ್ಟು ಹರವಿ ಮುಂದಿಡುತ್ತಿದ್ದೆ. ಸುಮ್ಮನೆ ಕೆದಕುತ್ತಾ ಕೂರುತ್ತಿದ್ದರು.

ಅಂದು ಮಧ್ಯಾಹ್ನ ತಟ್ಟೆ ತೆಗೆಯಲು ಹೋದರೆ ಹಿಟ್ಟಿನಲ್ಲಿ ಉದ್ದನೆಯ ಗೆರೆ. ಮಹಡಿಯ ಕಲ್ಲಿನಲ್ಲಿದ್ದ ಕಲೆಯದೇ ಬಾಗು. ಬಲತುದಿಗೆ ಒಂದು ದುಂಡು, ಅದರ ಹಿಂದೆ ಸಾಲಾಗಿ ಏಳು ಚುಕ್ಕಿ. ಲ್ಯಾಂಪ್ರೇಗೆ ಒಂದು ಪಕ್ಕದಲ್ಲಿ ಕಿವಿರಿನ ತೂತುಗಳು ಏಳೇ.

"ಅಮ್ಮಾ, ಏನಿದು?"

"ಬಾಯಿ ಈ ಕಡೆ ಕಣೇ," ಎಂದರು ಅಮ್ಮ, ದುಂಡನ್ನು ಮುಟ್ಟಿ.

ವರ್ಷದ ಮೇಲೆ ಕೇಳಿದ ಅಮ್ಮನ ಮಾತು ಅದು. ಮೇಲಕ್ಕೆ ಓಡಿ ಬಲತುದಿಯನ್ನು ಸೂಜಿಯಿಂದ ಕೆರೆಯತೊಡಗಿದೆ. ಸಂಜೆಯ ಹೊತ್ತಿಗೆ ಕಪ್ಪು ಉಂಗುರವೊಂದು ಕಂಡಿತು, ಹಿಂದೆ ಏಳು ಮಚ್ಚೆ. ಶುಭಾ ಫೋನಿನಲ್ಲೇ ಕಿರುಚಿದಳು: "ಅಯ್ಯೋ ಮೇಡಂ, ಕಟ್ ಮಾಡಿಬಿಟ್ಟಿದ್ರೆ ಕಥೆ ಮುಗೀತಿತ್ತು! ನಿಮ್ಗೆ ಹೇಗೆ ಗೊತ್ತಾಯ್ತು?"

"ಯಾಕೋ ಅನುಮಾನ ಬಂತು," ಎಂದೆ. ಇನ್ನೇನು ಹೇಳಲಿ? ಅಮ್ಮ ಮಹಡಿ ಹತ್ತಿದವರಲ್ಲ, ಆ ಕಲ್ಲನ್ನು ಕಂಡವರಲ್ಲ. ನಮ್ಮ ಮಾತು ಕಿವಿಗೆ ಬಿದ್ದಿರಬಹುದು ಎನ್ನೋಣವೆಂದರೆ, ನಾನು ಹೇಳುತ್ತಿದ್ದದ್ದು ಎಡಗಡೆ ಎಂದೇ. ಇಂದಿಗೂ ನನಗೆ ಅರ್ಥವಾಗಿಲ್ಲ.

ಫೋನಿಟ್ಟವಳೇ ಕೆಳಗಿಳಿದು ಅಮ್ಮನ ಹಿಟ್ಟಿನ ಕೈ ಹಿಡಿದುಕೊಂಡೆ. "ನಾನು ಯಾರು ಹೇಳಮ್ಮ?" ಎಂದೆ.

ಅಮ್ಮ ನನ್ನ ಮುಖ ನೋಡಿ, ತುಂಬ ಮರ್ಯಾದೆಯಿಂದ ಕೇಳಿದರು: "ಗೊತ್ತಾಗ್ಲಿಲ್ಲ, ನೀವು ಯಾರ ಮನೆಯವ್ರು?"